ಕ್ಲಾಸ್ ಡಿ ಮೇಲಿನ ಹಳೆಯ ಆರೋಪ

ಮನೆಯಲ್ಲಿ ಸಂಗೀತ ಕೇಳಲು ಒಂದು ಒಳ್ಳೆಯ ವ್ಯವಸ್ಥೆ ಮಾಡಿಕೊಳ್ಳಬೇಕೆಂದು ಹೊರಟವರಿಗೆ ಸಿಗುವ ಮೊದಲ ಬುದ್ಧಿಮಾತುಗಳಲ್ಲಿ ಇದೂ ಒಂದು: ಕ್ಲಾಸ್ ಡಿ ಆಂಪ್ಲಿಫೈಯರ್ ಕಾರಿಗೆ ಸರಿ, ಸಬ್‌ವೂಫರ್‌ಗೆ ಸರಿ, ಹಾಡು ಕೇಳುವುದಕ್ಕಲ್ಲ. ಈ ಮಾತು ಹೇಳುವವರು ಅನೇಕ ವೇಳೆ ದಶಕಗಳ ಕಾಲ ಕಿವಿಗೊಟ್ಟು ಕೇಳಿದವರು. ಅವರ ಮಾತನ್ನು ತಳ್ಳಿಹಾಕುವ ಮೊದಲು ಅದು ಎಲ್ಲಿಂದ ಹುಟ್ಟಿತು ಎಂದು ನೋಡುವುದು ನ್ಯಾಯ. ನೋಡಿದರೆ, ಒಂದು ಕಾಲದಲ್ಲಿ ಆ ಆರೋಪಕ್ಕೆ ಗಟ್ಟಿ ಆಧಾರವೇ ಇತ್ತು ಎಂದು ತಿಳಿಯುತ್ತದೆ. ಆದರೆ ಈಗ ಆ ಆರೋಪ ಕ್ಲಾಸ್ ಡಿ ಎಂಬ ಇಡೀ ಕುಲಕ್ಕೆ ಅಂಟುವುದಿಲ್ಲ. ಅಗ್ಗದಲ್ಲಿ ಅವಸರವಾಗಿ ಕಟ್ಟಿದ ಕೆಲವು ವಿನ್ಯಾಸಗಳಿಗೆ ಮಾತ್ರ ಅಂಟುತ್ತದೆ. ‘ಕ್ಲಾಸ್ ಡಿ ಸದ್ದು’ ಎಂಬುದೊಂದು ಇಲ್ಲ, ಇರುವುದು ಒಂದೊಂದು ಆಂಪ್ಲಿಫೈಯರ್‌ನ ಸದ್ದು ಎಂಬುದು ನನ್ನ ವಾದ.

ಮೊದಲು ಅದರ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ನೋಡೋಣ. ಸಾಂಪ್ರದಾಯಿಕ ಕ್ಲಾಸ್ ಎಬಿ ಆಂಪ್ಲಿಫೈಯರ್‌ನಲ್ಲಿ ಟ್ರಾನ್ಸಿಸ್ಟರ್‌ಗಳು ಅರೆಬರೆ ತೆರೆದುಕೊಂಡು ನಿಂತು, ಸಂಗೀತಕ್ಕೆ ಬೇಕಾದಷ್ಟು ವಿದ್ಯುತ್ತನ್ನು ಸ್ಪೀಕರಿಗೆ ಬಿಟ್ಟು, ಉಳಿದದ್ದನ್ನು ತಮ್ಮ ಮೈಯಲ್ಲೇ ಶಾಖವಾಗಿ ಕಳೆಯುತ್ತವೆ. ಕ್ಲಾಸ್ ಡಿಯಲ್ಲಿ ಅವು ಒಂದೋ ಪೂರ್ತಿ ತೆರೆದಿರುತ್ತವೆ, ಇಲ್ಲವೇ ಪೂರ್ತಿ ಮುಚ್ಚಿರುತ್ತವೆ. ಹಳೆಯ ಕಾಲದ ದಪ್ಪ ಫ್ಯಾನ್ ರೆಗ್ಯುಲೇಟರ್ ಮುಟ್ಟಿದರೆ ಬಿಸಿಯಾಗಿರುತ್ತಿತ್ತು, ಈಗಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ತಣ್ಣಗಿರುತ್ತದೆ. ಇಲ್ಲಿರುವುದೂ ಅದೇ ಬಗೆಯ ವ್ಯತ್ಯಾಸ. ಸೆಕೆಂಡಿಗೆ ಮೂರು, ನಾಲ್ಕು, ಐದು ಲಕ್ಷ ಸಲ ತೆರೆದು ಮುಚ್ಚುವ ಈ ಸ್ವಿಚ್ಚುಗಳು ಹೊರಬಿಡುವುದು ಚೌಕಾಕಾರದ ಬಡಿತಗಳ ಸಾಲನ್ನು. ಸಂಗೀತ ಏರಿದಾಗ ಬಡಿತ ಅಗಲವಾಗುತ್ತದೆ, ಇಳಿದಾಗ ಕಿರಿದಾಗುತ್ತದೆ. ಕೊನೆಯಲ್ಲಿ ಒಂದು ಸುರುಳಿ ಮತ್ತು ಒಂದು ಕೆಪಾಸಿಟರ್ ಸೇರಿ ಮಾಡಿದ ಫಿಲ್ಟರ್ ಆ ಬಡಿತಗಳನ್ನು ಸವರಿ, ಒಳಗಿದ್ದ ಸಂಗೀತವನ್ನು ಸ್ಪೀಕರಿಗೆ ಕೊಡುತ್ತದೆ. ಕ್ಲಾಸ್ ಎಬಿಯ ದಕ್ಷತೆ ಲೆಕ್ಕದ ಪ್ರಕಾರವೇ ಶೇ. 78.5 ದಾಟಲಾರದು, ಅದೂ ಪೂರ್ತಿ ಶಕ್ತಿಯಲ್ಲಿ ಓಡಿದಾಗ. ನಾವು ಮನೆಯಲ್ಲಿ ಕೇಳುವ ಒಂದೆರಡು ವ್ಯಾಟ್‌ಗಳ ಮಟ್ಟದಲ್ಲಿ ಅದು ತೀರಾ ಕೆಳಗಿಳಿಯುತ್ತದೆ. ಕ್ಲಾಸ್ ಡಿ ಪೂರ್ಣ ಶಕ್ತಿಯಲ್ಲಿ ಶೇ. 90 ದಾಟುವುದು ಇಂದು ಸಾಮಾನ್ಯ.

ಬಡಿತಗಳನ್ನು ಕಂಡು ಇದನ್ನು ಡಿಜಿಟಲ್ ಎಂದು ಭಾವಿಸುವವರಿದ್ದಾರೆ. ಹಾಗಲ್ಲ. ಬಡಿತದ ಅಗಲ ಯಾವ ಅಳತೆಯಲ್ಲಾದರೂ ಇರಬಹುದು, ಅದರ ಎತ್ತರ ಪವರ್ ಸಪ್ಲೈ ಕೊಟ್ಟಷ್ಟು. ಅಗಲದಲ್ಲಿ ಕೂದಲೆಳೆಯಷ್ಟು ತಪ್ಪಾದರೂ, ಎತ್ತರ ಅಷ್ಟಿಷ್ಟು ಅಲುಗಿದರೂ ಅದು ನೇರವಾಗಿ ಸದ್ದಾಗಿ ಹೊರಬರುತ್ತದೆ. ಎರಡು ಸ್ವಿಚ್ಚುಗಳು ಒಟ್ಟಿಗೆ ತೆರೆದುಕೊಂಡು ಸುಟ್ಟುಹೋಗದಿರಲೆಂದು ಒಂದು ಮುಚ್ಚಿ ಇನ್ನೊಂದು ತೆರೆಯುವ ನಡುವೆ ಕೆಲವೇ ನ್ಯಾನೊಸೆಕೆಂಡುಗಳ ಬಿಡುವು ಇಡುತ್ತಾರೆ. ಆ ಬಿಡುವೇ ಡಿಸ್ಟಾರ್ಷನ್‌ನ ಒಂದು ದೊಡ್ಡ ಮೂಲ. ಕ್ಲಾಸ್ ಡಿಯ ಚರಿತ್ರೆಯೆಂದರೆ ಬಹುಮಟ್ಟಿಗೆ ಈ ಅಗಲದ ತಪ್ಪು ಮತ್ತು ಎತ್ತರದ ತಪ್ಪುಗಳೊಡನೆ ನಡೆದ ಹೋರಾಟ.

ಆ ಹೋರಾಟದ ಮೊದಲ ಸುತ್ತುಗಳು ಸೋಲಿನವು. ಬ್ರಿಟನ್ನಿನಲ್ಲಿ ಕ್ಲೈವ್ ಸಿಂಕ್ಲೇರ್ ಅವರ ಕಂಪನಿ 1964ರಲ್ಲಿ ಎಕ್ಸ್-10 ಎಂಬ ಕಿಟ್ ಮಾರಾಟಕ್ಕೆ ತಂದಿತು. ಹೆಸರಿನಲ್ಲಿ ಹತ್ತು ವ್ಯಾಟ್, ಕೈಗೆ ಸಿಕ್ಕಿದ್ದು ಎರಡೂವರೆ. ಅಂದಿನ ಟ್ರಾನ್ಸಿಸ್ಟರ್‌ಗಳಿಗೆ ಅಷ್ಟು ವೇಗವಾಗಿ ತೆರೆದು ಮುಚ್ಚುವ ಶಕ್ತಿಯೇ ಇರಲಿಲ್ಲ. ಕಲ್ಪನೆ ಸರಿಯಾಗಿತ್ತು, ಅದನ್ನು ಹೊರುವ ಸಾಮಗ್ರಿ ಇನ್ನೂ ಹುಟ್ಟಿರಲಿಲ್ಲ. 1970ರ ದಶಕದ ಕೊನೆಗೆ ಸೋನಿ ಕಂಪನಿ ಟಿಎ-ಎನ್88 ಮೂಲಕ ಇನ್ನೊಂದು ಗಂಭೀರ ಯತ್ನ ಮಾಡಿತು, ಅದೂ ಬೇರೂರಲಿಲ್ಲ. ಆಮೇಲೆ ಬಹುಕಾಲ ಕ್ಲಾಸ್ ಡಿ ಉಳಿದುಕೊಂಡದ್ದು ಬೇಸ್ ಮಾತ್ರ ನುಡಿಸಬೇಕಾದ ಕಡೆ. ಇಂದಿಗೂ ಕೇಳಿಬರುವ ‘ಸಬ್‌ವೂಫರ್‌ಗೆ ಸರಿ’ ಎಂಬ ಮಾತು ಆ ಕಾಲದ ಪ್ರಾಮಾಣಿಕ ಅನುಭವದಿಂದ ಬಂದದ್ದು. ಬಡಿತದ ವೇಗ ಕಡಿಮೆ ಇದ್ದಾಗ ಮೇಲಿನ ಸ್ವರಗಳು ನಿಜಕ್ಕೂ ಕೆಡುತ್ತಿದ್ದವು.

ತಿರುವು ಬಂದದ್ದು 1990ರ ದಶಕದ ಕೊನೆಯಲ್ಲಿ. ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಕಾರ್ಸ್ಟನ್ ನೀಲ್ಸನ್ ನಡೆಸಿದ ಸಂಶೋಧನೆ ಬ್ಯಾಂಗ್ ಅಂಡ್ ಒಲುಫ್ಸೆನ್ ಜೊತೆಗೂಡಿ ಐಸ್‌ಪವರ್ ಆಯಿತು. ಅಮೆರಿಕದ ಟ್ರೈಪಾತ್ ಕಂಪನಿಯ ಟಿಎ2024 ಎಂಬ ಪುಟ್ಟ ಚಿಪ್ಪು, ಅಗ್ಗದ ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂತು, ಹೈಫೈ ಬಲ್ಲವರನ್ನು ಬೆರಗುಗೊಳಿಸಿತು. ಆದರೆ ನನ್ನ ಮಟ್ಟಿಗೆ ಈ ಕಥೆಯ ಮುಖ್ಯ ವ್ಯಕ್ತಿ ಬೆಲ್ಜಿಯಂನ ಬ್ರೂನೊ ಪುಟ್ಸೈಸ್. ಫಿಲಿಪ್ಸ್‌ನಲ್ಲಿದ್ದಾಗ ಯುಸಿಡಿ, ಮುಂದೆ ಹೈಪೆಕ್ಸ್‌ನಲ್ಲಿ ಎನ್‌ಕೋರ್, 2019ರಲ್ಲಿ ಪ್ಯೂರಿಫೈ ಕಂಪನಿಯ ಐಗೆನ್‌ಟಾಕ್ಟ್ ಎಂದು ಒಂದೇ ಪ್ರಶ್ನೆಯನ್ನು ಬಿಡದೆ ಬೆನ್ನಟ್ಟಿದವರು ಅವರು. ಪ್ರಶ್ನೆ ಇದು: ಆಂಪ್ಲಿಫೈಯರ್ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳಲು ಹೊರಗಿನ ಸದ್ದಿನ ಒಂದು ಪಾಲನ್ನು ಒಳಕ್ಕೆ ಹಿಂತಿರುಗಿಸಿ ಹೋಲಿಸಿ ನೋಡುತ್ತದಲ್ಲ, ಆ ಫೀಡ್‌ಬ್ಯಾಕನ್ನು ಎಲ್ಲಿಂದ ತೆಗೆದುಕೊಳ್ಳಬೇಕು?

ಸದ್ದಿನ ಗುಣದ ಬಗೆಗಿನ ಇಡೀ ವಾಗ್ವಾದ ಈ ಒಂದು ಪ್ರಶ್ನೆಯ ಸುತ್ತ ತಿರುಗುತ್ತದೆ ಎಂದರೆ ಅತಿಶಯವಲ್ಲ. ಅಗ್ಗದ ವಿನ್ಯಾಸಗಳಲ್ಲಿ ಫೀಡ್‌ಬ್ಯಾಕ್ ಸಿಗುವುದು ಸ್ವಿಚ್ಚುಗಳ ಬಳಿಯಿಂದ, ಅಂದರೆ ಫಿಲ್ಟರ್‌ಗಿಂತ ಮೊದಲು. ಹಾಗಾಗಿ ಫಿಲ್ಟರ್ ಏನು ಮಾಡಿದರೂ ಕೇಳುವವರಿಲ್ಲ. ಆ ಫಿಲ್ಟರ್‌ನ ಲೆಕ್ಕ ಹಾಕುವಾಗ ಸ್ಪೀಕರ್ ಎಂದರೆ 4 ಓಮ್ ಅಥವಾ 8 ಓಮ್‌ನ ಒಂದು ಸ್ಥಿರ ಪ್ರತಿರೋಧ ಎಂದು ಭಾವಿಸಿರುತ್ತಾರೆ. ನಿಜವಾದ ಸ್ಪೀಕರ್ ಹಾಗಿರುವುದಿಲ್ಲ. ಪೆಟ್ಟಿಗೆಯ ಹಿಂದೆ 8 ಓಮ್ ಎಂದು ಬರೆದಿದ್ದರೂ ಅದು ಒಂದು ಸ್ವರಕ್ಕೆ 5 ಓಮ್, ಇನ್ನೊಂದಕ್ಕೆ 30 ಓಮ್ ಆಗಿ ವರ್ತಿಸುತ್ತದೆ. ಟ್ವೀಟರ್ ಕೆಲಸ ಮಾಡುವ ಮೇಲಿನ ಸ್ವರಗಳಲ್ಲಿ ಪ್ರತಿರೋಧ ಏರುತ್ತ ಹೋಗುವ ಸ್ಪೀಕರುಗಳು ಬಹಳ. ಲೆಕ್ಕಕ್ಕಿಂತ ಹೆಚ್ಚು ಪ್ರತಿರೋಧ ಸಿಕ್ಕಾಗ ಫಿಲ್ಟರ್ ಟ್ರೆಬಲ್ಲನ್ನು ಎತ್ತಿ ಕೊಡುತ್ತದೆ, ಕಡಿಮೆ ಸಿಕ್ಕಾಗ ಕುಗ್ಗಿಸುತ್ತದೆ. 20 ಕಿಲೋಹರ್ಟ್ಸ್ ಬಳಿ ಈ ಏರಿಳಿತ ಒಂದೆರಡು ಡೆಸಿಬೆಲ್, ಕೆಲವೊಮ್ಮೆ ಇನ್ನೂ ಹೆಚ್ಚು. ಫಿಲ್ಟರ್ ಕತ್ತರಿಸುವ ಮಿತಿಯನ್ನು ಕೆಳಗೆ ಇಟ್ಟಷ್ಟೂ ಈ ಏರಿಳಿತ 10 ಕಿಲೋಹರ್ಟ್ಸ್‌ವರೆಗೂ ಇಳಿದುಬರುತ್ತದೆ.

ಈಗ ಕ್ಲಾಸ್ ಡಿ ಬಗ್ಗೆ ಕೇಳಿಬರುವ ದೂರುಗಳನ್ನು ನೆನಪಿಸಿಕೊಳ್ಳಿ. ಒಬ್ಬರು ಅದು ಚುಚ್ಚುತ್ತದೆ, ಗಾಜಿನಂತಿದೆ ಎನ್ನುತ್ತಾರೆ. ಇನ್ನೊಬ್ಬರು ಅದು ಮಂಕು, ಗಾಳಿಯಾಡುವುದಿಲ್ಲ ಎನ್ನುತ್ತಾರೆ. ಒಂದೇ ತಂತ್ರಜ್ಞಾನ ಎರಡು ವಿರುದ್ಧ ಗುಣಗಳನ್ನು ಹೇಗೆ ತೋರೀತು ಎಂದು ಕೇಳಿ ಇಬ್ಬರನ್ನೂ ಭ್ರಮೆಯವರೆಂದು ತಳ್ಳಿಹಾಕುವುದು ಸುಲಭ. ನಾನು ಹಾಗೆ ಮಾಡಲಾರೆ. ಇಬ್ಬರೂ ಸರಿಯಾಗಿಯೇ ಕೇಳಿರಬಹುದು, ಏಕೆಂದರೆ ಇಬ್ಬರ ಸ್ಪೀಕರುಗಳು ಬೇರೆ. ಫಿಲ್ಟರ್ ಆಚೆಯಿಂದ ಫೀಡ್‌ಬ್ಯಾಕ್ ತೆಗೆದುಕೊಳ್ಳದ ಆಂಪ್ಲಿಫೈಯರ್ ಒಬ್ಬರ ಮನೆಯಲ್ಲಿ ಟ್ರೆಬಲ್ ಏರಿಸಿದೆ, ಇನ್ನೊಬ್ಬರ ಮನೆಯಲ್ಲಿ ಇಳಿಸಿದೆ. ಎತ್ತರದ ಸ್ವರಗಳಲ್ಲಿ ವಿಶಾಲವಾಗಿ ಹಬ್ಬಿದ ಒಂದು ಡೆಸಿಬೆಲ್ ಅಂತರವನ್ನು ಅಭ್ಯಾಸವಿರುವ ಕಿವಿ ಹಿಡಿಯುತ್ತದೆ. ನಮ್ಮ ಸಂಗೀತದಲ್ಲಿ ಇದನ್ನು ಪರೀಕ್ಷಿಸಲು ತಂಬೂರಿಗಿಂತ ಒಳ್ಳೆಯ ಸಾಧನ ಕಾಣೆ. ಜೀವಾಳಿ ಸರಿಯಾಗಿ ಕೂತ ತಂಬೂರಿಯ ತಂತಿ ಹುಟ್ಟಿಸುವ ಉಪಸ್ವರಗಳು ದಟ್ಟವಾಗಿ, ಬಹಳ ಮೇಲಿನವರೆಗೆ, ಬಿಡುವಿಲ್ಲದೆ ಹಬ್ಬಿರುತ್ತವೆ. ಅವುಗಳ ಮೇಲ್ತುದಿ ತುಸು ಓಲಿದರೂ ತಂಬೂರಿಯ ಬಣ್ಣ ಬದಲಾಗುತ್ತದೆ. ಚಲನಚಿತ್ರ ಗೀತೆಯ ಗದ್ದಲದಲ್ಲಿ ತಪ್ಪಿಸಿಕೊಳ್ಳುವ ದೋಷ ಇಲ್ಲಿ ಸಿಕ್ಕಿಬೀಳುತ್ತದೆ.

ಪುಟ್ಸೈಸ್ ಮಾಡಿದ್ದು ಫಿಲ್ಟರನ್ನೇ ಫೀಡ್‌ಬ್ಯಾಕ್ ವರ್ತುಲದೊಳಗೆ ಎಳೆದುಕೊಂಡದ್ದು. ಸುರುಳಿಯ ತಪ್ಪು, ಸ್ವಿಚ್ಚಿನ ಬಿಡುವಿನ ತಪ್ಪು, ಪವರ್ ಸಪ್ಲೈನ ಅಲುಗಾಟ ಎಲ್ಲವೂ ಈಗ ತಿದ್ದುಪಡಿಯ ವ್ಯಾಪ್ತಿಗೆ ಬಂದವು. 4 ಓಮ್ ಇರಲಿ, 8 ಓಮ್ ಇರಲಿ, ಟ್ರೆಬಲ್‌ನ ರೇಖೆ ಒಂದರ ಮೇಲೊಂದು ಕೂರುವಷ್ಟು ಹೊಂದಿಕೊಂಡಿತು. ಎನ್‌ಕೋರ್ ಮತ್ತು ಐಗೆನ್‌ಟಾಕ್ಟ್‌ಗಳ ಡಿಸ್ಟಾರ್ಷನ್ ಶೇಕಡಾ ಒಂದರ ಸಾವಿರದಲ್ಲೊಂದು ಪಾಲಿನ ಆಸುಪಾಸಿಗೆ, ಅದಕ್ಕೂ ಕೆಳಕ್ಕೆ ಇಳಿಯಿತು. ಹೋಲಿಕೆಗೆ ಬೇಕಾದರೆ, ಸ್ಟುಡಿಯೋ ಟೇಪಿನ ಗರಿಷ್ಠ ಮಟ್ಟವನ್ನು ಗುರುತಿಸುತ್ತಿದ್ದುದೇ ಶೇ. 3 ಡಿಸ್ಟಾರ್ಷನ್ ಬರುವ ಕಡೆ. ಮಲ್ಲಿಕಾರ್ಜುನ ಮನ್ಸೂರರ ಹಳೆಯ ಧ್ವನಿಮುದ್ರಣವೊಂದನ್ನು ಹಾಕಿದಾಗ ಟೇಪಿನ, ಮೈಕಿನ ದೋಷಗಳು ಇಂಥ ಆಂಪ್ಲಿಫೈಯರ್‌ನ ದೋಷಕ್ಕಿಂತ ಸಾವಿರಾರು ಪಟ್ಟು ಮುಂದೆ ನಿಂತಿರುತ್ತವೆ. ಆದರೂ ಅವರ ದನಿ ನಮ್ಮನ್ನು ಮುಟ್ಟುತ್ತದೆ.

ಅಂದಮೇಲೆ ಅಂಕಿ ನೋಡಿ ಕೊಂಡರೆ ಸಾಕೇ ಎಂದು ಕೇಳಿದರೆ, ಸಾಲದು. ಕ್ಲಾಸ್ ಡಿಯ ಪರ ನಿಲ್ಲುವವರು ಇಲ್ಲಿ ಹೆಚ್ಚು ಎಚ್ಚರದಿಂದಿರಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಟಿಪಿಎ3116 ಚಿಪ್ಪಿನ ಹಲಗೆಗಳು ಕೆಲವು ನೂರು ರೂಪಾಯಿಗೆ ಸಿಗುತ್ತವೆ, ಮೇಲೆ ‘50+50 ವ್ಯಾಟ್’ ಎಂದಿರುತ್ತದೆ. ಚಿಪ್ಪು ಮಾಡಿದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕೊಟ್ಟ ಲೆಕ್ಕ ಸುಳ್ಳಲ್ಲ. 21 ವೋಲ್ಟ್ ಕೊಟ್ಟು 4 ಓಮ್ ಜೋಡಿಸಿದರೆ ಚಾನೆಲ್‌ಗೆ 50 ವ್ಯಾಟ್ ಬರುತ್ತದೆ, ಶೇ. 10 ಡಿಸ್ಟಾರ್ಷನ್ ಸಮೇತ. ಶೇ. 10 ಎಂದರೆ ಕಿವಿಗೆ ಒರಟಾಗಿ ಕೇಳುವ ಸದ್ದು. 12 ವೋಲ್ಟ್‌ನ ಹಳೆಯ ಅಡಾಪ್ಟರ್ ಒಂದನ್ನು ಸಿಕ್ಕಿಸಿ 8 ಓಮ್‌ನ ಸ್ಪೀಕರ್ ಜೋಡಿಸಿದರೆ ಶುದ್ಧವಾಗಿ ಸಿಗುವುದು ಏಳೆಂಟು ವ್ಯಾಟ್. ಮೃದಂಗದ ಒಂದು ಬಲವಾದ ಪೆಟ್ಟಿಗೆ ಅದು ಹರಿದುಹೋಗುತ್ತದೆ. ಹಲಗೆ ಮಾಡಿದವರು ಹಣ ಉಳಿಸಲು ಸಣ್ಣ ಸುರುಳಿ ಹಾಕಿದ್ದರೆ, ವಿದ್ಯುತ್ ಹೆಚ್ಚಾದಾಗ ಸುರುಳಿಯ ತಿರುಳು ತುಂಬಿ ಇನ್ನಷ್ಟು ಡಿಸ್ಟಾರ್ಷನ್ ಸೇರಿಸುತ್ತದೆ. ಇದನ್ನು ಕೇಳಿದವರು ಕ್ಲಾಸ್ ಡಿ ಒರಟು ಎಂದು ತೀರ್ಮಾನಿಸಿದರೆ ಅವರ ಕಿವಿಯಲ್ಲಿ ತಪ್ಪಿಲ್ಲ.

ದುಬಾರಿ ಸಾಧನಗಳ ಅಂಕಿಗಳಲ್ಲೂ ಒಂದು ಕಣ್ಕಟ್ಟು ನುಸುಳುತ್ತದೆ. ಬಡಿತದ ಉಳಿಕೆ ಅಳತೆಯಂತ್ರವನ್ನು ಕೆಡಿಸದಿರಲೆಂದು 20 ಕಿಲೋಹರ್ಟ್ಸ್ ಆಚೆಯದನ್ನೆಲ್ಲ ಕತ್ತರಿಸಿ ಅಳೆಯುವುದು ವಾಡಿಕೆ. ಅದಕ್ಕೆ ಕಾರಣವೂ ಇದೆ. ಆದರೆ 10 ಕಿಲೋಹರ್ಟ್ಸ್ ಸ್ವರದ ಡಿಸ್ಟಾರ್ಷನ್ ಕಾಣಿಸಿಕೊಳ್ಳುವುದೇ 20, 30 ಕಿಲೋಹರ್ಟ್ಸ್‌ನಲ್ಲಿ. ಕತ್ತರಿ ಹಾಕಿದ ಮೇಲೆ ಅಲ್ಲಿ ಉಳಿಯುವುದೇನು? ಅಂಕಿ ಬಲು ಚೆನ್ನಾಗಿ ಕಾಣುತ್ತದೆ. ಎರಡು ಎತ್ತರದ ಸ್ವರಗಳನ್ನು ಒಟ್ಟಿಗೆ ನುಡಿಸಿ, ಅವು ಬೆರೆತು ಕೆಳಗೆ ಕೇಳುವ ವಲಯದಲ್ಲಿ ಏನನ್ನು ಹುಟ್ಟಿಸುತ್ತವೆ ಎಂದು ಅಳೆದರೆ ಮಾತ್ರ ನಿಜ ಹೊರಬೀಳುತ್ತದೆ. ಹಾಗಾಗಿ ಜಾಹೀರಾತಿನ ಒಂದೇ ಒಂದು ಡಿಸ್ಟಾರ್ಷನ್ ಅಂಕಿಯನ್ನು ನಾನು ನಂಬುವುದಿಲ್ಲ. 4 ಮತ್ತು 8 ಓಮ್‌ಗಳ ಟ್ರೆಬಲ್ ರೇಖೆಗಳನ್ನು ಒಂದೇ ಚಿತ್ರದಲ್ಲಿ ತೋರಿಸುವ ತಯಾರಕರ ಮೇಲೆ ನನಗೆ ಹೆಚ್ಚು ವಿಶ್ವಾಸ.

ಕಿವಿಯ ಸಾಕ್ಷ್ಯಕ್ಕೂ ಇಂಥದೇ ಶಿಸ್ತು ಬೇಕು. ಎರಡು ಆಂಪ್ಲಿಫೈಯರ್‌ಗಳನ್ನು ಹೋಲಿಸುವಾಗ ಒಂದು ತುಸು ಜೋರಾಗಿದ್ದರೂ ಅದೇ ಹೆಚ್ಚು ಜೀವಂತವೆನಿಸುತ್ತದೆ. ಆ ‘ತುಸು’ ಎಷ್ಟು ಸಣ್ಣದೆಂದರೆ, ಜೋರು ಎಂದು ಗೊತ್ತಾಗುವುದಿಲ್ಲ, ಚೆನ್ನ ಎಂದಷ್ಟೇ ಅನಿಸುತ್ತದೆ. ಡೆಸಿಬೆಲ್‌ನ ಹತ್ತನೇ ಒಂದೆರಡು ಪಾಲಿನೊಳಗೆ ಎರಡನ್ನೂ ಸಮ ಮಾಡದೆ, ಯಾವುದು ಯಾವುದೆಂದು ಮರೆಮಾಡದೆ ಕೊಟ್ಟ ತೀರ್ಪಿಗೆ ಬೆಲೆ ಕಡಿಮೆ. 1978ರಲ್ಲಿ ಕ್ವಾಡ್ ಸಂಸ್ಥೆಗಾಗಿ ಜೇಮ್ಸ್ ಮಾಯಿರ್ ಅದರ ಒಂದು ವಾಲ್ವ್ ಮತ್ತು ಎರಡು ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ಗಳನ್ನು ಹೀಗೆ ಮರೆಮಾಡಿ ಕೇಳಿಸಿದಾಗ ಕೇಳುಗರಿಗೆ ಅವನ್ನು ಬೇರ್ಪಡಿಸಿ ಗುರುತಿಸಲಾಗಲಿಲ್ಲ. ಅಂದೂ ವಾಲ್ವ್ ಪ್ರಿಯರು ಟ್ರಾನ್ಸಿಸ್ಟರ್ ಬಗ್ಗೆ ಹೇಳುತ್ತಿದ್ದ ಮಾತುಗಳು ಇಂದು ಟ್ರಾನ್ಸಿಸ್ಟರ್ ಪ್ರಿಯರು ಕ್ಲಾಸ್ ಡಿ ಬಗ್ಗೆ ಹೇಳುವ ಮಾತುಗಳೇ: ತಣ್ಣಗಿದೆ, ಜೀವವಿಲ್ಲ. ಮೊದಲ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ಗಳ ಮಟ್ಟಿಗೆ ಆ ಮಾತು ನಿಜವಿತ್ತು, ಅಲೆ ಸೊನ್ನೆಯನ್ನು ದಾಟುವಲ್ಲಿ ಅವು ತೊದಲುತ್ತಿದ್ದವು. ದೋಷ ಹೋದ ಮೇಲೂ ಹೆಸರು ಉಳಿಯಿತು.

ಇನ್ನೊಂದು ಸಂಗತಿಯನ್ನು ಕ್ಲಾಸ್ ಡಿ ವಿರೋಧಿಗಳು ಗಮನಿಸಬೇಕು. ಇಂದು ದೊಡ್ಡ ಸಭಾಂಗಣಗಳ, ಬಯಲು ಕಛೇರಿಗಳ ಧ್ವನಿವರ್ಧಕಗಳನ್ನು ನಡೆಸುವುದು ಬಹುಪಾಲು ಕ್ಲಾಸ್ ಡಿ. ಗಾಯಕರ ದನಿಯನ್ನು ಅಲ್ಲಿ ಕೇಳಿ ಮೆಚ್ಚಿ ಬಂದು, ಮನೆಯಲ್ಲಿ ಅದೇ ತಂತ್ರ ಸಂಗೀತವನ್ನು ಕೊಲ್ಲುತ್ತದೆ ಎನ್ನುವುದು ಹೊಂದುವುದಿಲ್ಲ. ಫಿನ್ಲೆಂಡಿನ ಜೆನೆಲೆಕ್ ಮುಂತಾದವರ ಸ್ಟುಡಿಯೋ ಮಾನಿಟರ್‌ಗಳಲ್ಲಿ ಅನೇಕವು ಕ್ಲಾಸ್ ಡಿಯಿಂದ ನಡೆಯುತ್ತವೆ. ಅಂದರೆ ಹಾಡು ನಮ್ಮನ್ನು ತಲುಪುವ ಮೊದಲೇ ಅದರ ಸಮತೋಲ ತೂಗಿದವರು ಅದನ್ನು ಕೇಳಿದ್ದು ಹಲವೊಮ್ಮೆ ಇದರ ಮೂಲಕವೇ. ಬ್ಯಾಟರಿ ಉಳಿಸಲು 1980ರ ದಶಕದ ಕೊನೆಯಿಂದಲೇ ಶ್ರವಣ ಸಾಧನಗಳು ಕ್ಲಾಸ್ ಡಿ ಬಳಸುತ್ತ ಬಂದಿವೆ.

ಕ್ಲಾಸ್ ಡಿಗೆ ತನ್ನದೇ ಆದ ದೋಷ ಇಲ್ಲವೇ ಇಲ್ಲ ಎಂದಲ್ಲ. ಬಡಿತದ ವೇಗ ನಾಲ್ಕೈದು ನೂರು ಕಿಲೋಹರ್ಟ್ಸ್ ಎಂದಾಗ ಅದು ಮಧ್ಯಮ ತರಂಗದ ರೇಡಿಯೋ ವಲಯದ ಮಗ್ಗುಲಲ್ಲೇ ಕೂತಂತೆ. 612 ಕಿಲೋಹರ್ಟ್ಸ್‌ನ ಬೆಂಗಳೂರು ಆಕಾಶವಾಣಿಯನ್ನೋ 765ರ ಧಾರವಾಡವನ್ನೋ ಹಿಡಿಯುವ ರೇಡಿಯೋ ಪಕ್ಕದಲ್ಲಿ, ಸರಿಯಾಗಿ ಮುಚ್ಚಿಡದ ಅಗ್ಗದ ಹಲಗೆಯನ್ನು ಇಟ್ಟರೆ ಗುಂಯ್‌ಗುಡುವುದು ನಿಶ್ಚಿತ. ಕಾರಿನ ರೇಡಿಯೋಗಳಿಗಾಗಿ ಈ ಬಡಿತವನ್ನು 2.1 ಮೆಗಾಹರ್ಟ್ಸ್‌ಗೆ, ಅಂದರೆ ಆ ವಲಯದ ಆಚೆಗೆ ಒಯ್ದ ಚಿಪ್ಪುಗಳು ಬಂದದ್ದು ಇದೇ ಕಾರಣಕ್ಕೆ. ಮನೆಯ ಸಾಧನಗಳಲ್ಲಿ ಈ ಎಚ್ಚರ ಇನ್ನೂ ಸಾಲದು.

ಸದ್ದಿನ ದೃಷ್ಟಿಯಿಂದ ಕ್ಲಾಸ್ ಡಿ ಕೊಟ್ಟ ದೊಡ್ಡ ಕೊಡುಗೆ ಮಾತ್ರ ಬೇರೆ ಕಡೆ ಇದೆ. ಒಳ್ಳೆಯ ಎಬಿ ಆಂಪ್ಲಿಫೈಯರ್‌ಗಿಂತ ಒಳ್ಳೆಯ ಡಿ ಆಂಪ್ಲಿಫೈಯರ್ ಹೆಚ್ಚು ಇಂಪು ಎಂದು ನಾನು ಹೇಳುತ್ತಿಲ್ಲ. ಎರಡೂ ಕೇಳಿಸದಷ್ಟು ಶುದ್ಧವಾಗಬಲ್ಲವು. ಆದರೆ ಸ್ಪೀಕರ್ ಬೇಸ್ ನುಡಿಸುವಾಗ ಶೇಕಡಾ ಒಂದೆರಡರಷ್ಟು ಡಿಸ್ಟಾರ್ಷನ್ ತಾನೇ ಹುಟ್ಟಿಸುತ್ತದೆ. ಮೊಸಾಯಿಕ್ ನೆಲ, ಬರಿಗೋಡೆಗಳ ನಮ್ಮ ಕೋಣೆ ಕೆಲವು ಕೆಳಸ್ವರಗಳನ್ನು ಹತ್ತು ಡೆಸಿಬೆಲ್ ಎತ್ತುತ್ತದೆ, ಕೆಲವನ್ನು ನುಂಗುತ್ತದೆ. ಆಂಪ್ಲಿಫೈಯರ್ ತಪ್ಪಿನ ಮುಂದೆ ಇವು ಬೆಟ್ಟದಷ್ಟು. ಇವನ್ನು ತಿದ್ದಲು ವೂಫರಿಗೊಂದು, ಮಧ್ಯಸ್ವರಕ್ಕೊಂದು, ಟ್ವೀಟರಿಗೊಂದು ಎಂದು ಪ್ರತ್ಯೇಕ ಆಂಪ್ಲಿಫೈಯರ್ ಇಟ್ಟು, ಸ್ವರಗಳನ್ನು ಮೊದಲೇ ವಿಂಗಡಿಸಿ, ಲೆಕ್ಕ ಹಾಕಿ ಕಳಿಸುವ ದಾರಿ ಹಿಂದಿನಿಂದಲೂ ಗೊತ್ತಿತ್ತು. ಮೂರು ಎಬಿ ಆಂಪ್ಲಿಫೈಯರ್‌ಗಳನ್ನು ಹೀಟ್ ಸಿಂಕ್ ಸಮೇತ ಒಂದು ಪುಟ್ಟ ಪೆಟ್ಟಿಗೆಯೊಳಗೆ ಮುಚ್ಚಿಡುವುದು ಕಷ್ಟವಾಗಿತ್ತು. ಅಂಗೈಯಗಲದ, ಬಿಸಿಯಾಗದ ಹಲಗೆ ಬಂದ ಮೇಲೆ ಅದು ಸುಲಭವಾಯಿತು. ಪುಟ್ಸೈಸ್ ಅವರೇ ವಿನ್ಯಾಸದಲ್ಲಿ ಕೈಯಿಟ್ಟ ಕೀ ತ್ರೀಯಂಥ ಸ್ಪೀಕರುಗಳು ಒಂದು ಪೆಟ್ಟಿಗೆಯಲ್ಲಿ ಆರು ಆಂಪ್ಲಿಫೈಯರ್ ಇಟ್ಟುಕೊಂಡು, ಬೇಸ್ ಹಿಂದಿನ ಗೋಡೆಗೆ ಹೋಗಿ ಬಡಿಯದಂತೆ ನೋಡಿಕೊಳ್ಳುತ್ತವೆ.

ಇಷ್ಟೆಲ್ಲ ಹೇಳಿದ ಮೇಲೂ ಕ್ಲಾಸ್ ಡಿ ವಿರುದ್ಧ ಒಂದು ಆಕ್ಷೇಪ ನನಗೆ ತೂಕದ್ದೆನಿಸುತ್ತದೆ, ಮತ್ತು ಅದು ಸದ್ದಿಗೆ ಸಂಬಂಧಿಸಿದ್ದಲ್ಲ. 2ಎನ್3055 ಟ್ರಾನ್ಸಿಸ್ಟರಿನ ಹಳೆಯ ಆಂಪ್ಲಿಫೈಯರ್ ಕೆಟ್ಟರೆ ತಾಲ್ಲೂಕು ಕೇಂದ್ರದ ರೇಡಿಯೋ ರಿಪೇರಿಯವರು ಮಲ್ಟಿಮೀಟರ್ ಹಿಡಿದು, ಬೆಸುಗೆ ಹಾಕಿ, ಮತ್ತೆ ಹಾಡಿಸಿ ಕೊಡುತ್ತಿದ್ದರು. ಕ್ಲಾಸ್ ಡಿ ಹಲಗೆಯ ಬಿಡಿಭಾಗಗಳು ಸಾಸಿವೆ ಗಾತ್ರದವು, ಸರ್ಕ್ಯೂಟ್ ನಕ್ಷೆಯನ್ನು ಅನೇಕ ತಯಾರಕರು ಹೊರಗೆ ಬಿಡುವುದಿಲ್ಲ, ಕೆಟ್ಟರೆ ಇಡೀ ಹಲಗೆ ಬದಲಿಸಬೇಕು. ಆಂಪ್ಲಿಫೈಯರ್ ಸ್ಪೀಕರಿನೊಳಗೇ ಕೂತಿದ್ದರೆ ಸ್ಪೀಕರೂ ಅದರೊಡನೆ ಮೂಲೆ ಸೇರುತ್ತದೆ. ಮೂವತ್ತು ವರ್ಷ ಬಾಳಬೇಕಾದ ಸಾಧನಕ್ಕೆ ಇದು ಸಣ್ಣ ಕೊರತೆಯಲ್ಲ. ಬದಲಿ ಹಲಗೆ ಎಷ್ಟು ವರ್ಷ ಸಿಗುತ್ತದೆ ಎಂದು ಕೊಳ್ಳುವಾಗಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯುವುದು ಒಳ್ಳೆಯದು.

ಚೆನ್ನಾಗಿ ನಡೆಯುತ್ತಿರುವ ಎಬಿ ಆಂಪ್ಲಿಫೈಯರ್ ಮನೆಯಲ್ಲಿದ್ದರೆ ಅದನ್ನು ಬದಲಿಸುವ ಅಗತ್ಯ ನನಗೆ ಕಾಣುವುದಿಲ್ಲ. ವಿದ್ಯುತ್ ಉಳಿತಾಯದ ಮಾತು ಇಲ್ಲಿ ನಿಲ್ಲುವುದಿಲ್ಲ. 50 ವ್ಯಾಟ್ ವ್ಯತ್ಯಾಸವೆಂದುಕೊಂಡರೂ ದಿನಕ್ಕೆ ಎರಡು ಗಂಟೆ ಕೇಳುವವರಿಗೆ ತಿಂಗಳಿಗೆ ಉಳಿಯುವುದು 3 ಯೂನಿಟ್. ಇಡೀ ದಿನ ಚಾಲೂ ಇಡುವವರಿಗೆ, ಕರೆಂಟ್ ಹೋದಾಗ ಇನ್ವರ್ಟರ್ ಮೇಲೆ ಕೇಳುವವರಿಗೆ ಲೆಕ್ಕ ಬೇರೆ. ಚೌಕ ಅಲೆಯ ಇನ್ವರ್ಟರಿನಲ್ಲಿ ಹಳೆಯ ಟ್ರಾನ್ಸ್‌ಫಾರ್ಮರ್ ಗೊಣಗುತ್ತದೆ, ಸ್ವಿಚಿಂಗ್ ಪವರ್ ಸಪ್ಲೈ ಇರುವ ಕ್ಲಾಸ್ ಡಿ ಸುಮ್ಮನಿರುತ್ತದೆ. ಉಳಿದವರು ಹೊಸ ಆಂಪ್ಲಿಫೈಯರಿಗೆಂದು ಎತ್ತಿಟ್ಟ ಹಣದಲ್ಲಿ ಕೋಣೆಗೆ ದಪ್ಪ ಪರದೆ, ಒಂದು ಜಮಖಾನ ತಂದು, ಸ್ಪೀಕರುಗಳನ್ನು ಗೋಡೆಯಿಂದ ಎರಡಡಿ ಮುಂದಕ್ಕೆ ಎಳೆದು, ಅದೇ ತಂಬೂರಿಯನ್ನು ಮತ್ತೊಮ್ಮೆ ಕೇಳಲಿ. ಆಗಲೂ ಕೊರತೆ ಕಂಡರೆ ಮೊದಲು ಬದಲಿಸಬೇಕಾದದ್ದು ಸ್ಪೀಕರನ್ನು.